ಪದಚರ್ಚೆ: ‘ಎಮರ್ಜೆನ್ಸಿ ಟ್ಯಾಕ್ಸ್ ಕೋಡ್’ಗೆ ಕನ್ನಡ ಬೇಕು, ಶುಕ್ರವಾರದೊಳಗೆ

ಲೆಸ್ಟರ್‌ನಿಂದ

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಹೊಸದಾಗಿ ಬರುವ ಕನ್ನಡಿಗರಿಗೆಂದು ನಾಲ್ಕು ಪುಟದ ಕೈಪಿಡಿ ಮಾಡುತ್ತಿದ್ದೇವೆ, ಶುಕ್ರವಾರ ಅಚ್ಚಿಗೆ ಹೋಗಬೇಕು. ಬ್ಯಾಂಕ್ ಖಾತೆ, ಡಾಕ್ಟರ ಹತ್ತಿರ ಹೆಸರು ನೋಂದಾಯಿಸುವುದು ಎಲ್ಲ ಬರೆದಾಯಿತು. ಮೊದಲ ಸಂಬಳದ ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ. ‘ಎಮರ್ಜೆನ್ಸಿ ಟ್ಯಾಕ್ಸ್ ಕೋಡ್’ ಅನ್ನುವುದಕ್ಕೆ ಏನು ಬರೆಯಲಿ?

ಗೊತ್ತಿಲ್ಲದವರಿಗೆ ವಿಷಯ ಇಷ್ಟು. ಬ್ರಿಟನ್ನಿನಲ್ಲಿ ಸಂಬಳ ಕೈಗೆ ಬರುವ ಮೊದಲೇ ಮಾಲೀಕರು ತೆರಿಗೆ ಹಿಡಿದುಕೊಳ್ಳುತ್ತಾರೆ, 1944ರಿಂದ ನಡೆದುಬಂದ ಪದ್ಧತಿ. ಎಷ್ಟು ಹಿಡಿಯಬೇಕು ಎಂದು ಹೇಳುವುದು ಒಂದು ಕೋಡ್. ಹೆಚ್ಚಿನವರದು 1257ಎಲ್, ಅಂದರೆ ವರ್ಷಕ್ಕೆ 12,570 ಪೌಂಡ್‌ವರೆಗಿನ ಗಳಿಕೆಗೆ ತೆರಿಗೆ ಇಲ್ಲ. ಹೊಸ ಕೆಲಸಕ್ಕೆ ಸೇರುವಾಗ ಹಳೆಯ ಮಾಲೀಕರು ಕೊಟ್ಟ ಪಿ45 ಚೀಟಿ ಕೈಯಲ್ಲಿಲ್ಲದಿದ್ದರೆ, ಹಿಂದಿನ ಗಳಿಕೆ ತೆರಿಗೆ ಇಲಾಖೆಗೆ ಖಚಿತವಾಗುವ ತನಕ ಆ ಕೋಡಿನ ಬಾಲಕ್ಕೆ ‘ಎಂ1’, ‘ಡಬ್ಲ್ಯು1’ ಅಥವಾ ‘ಎಕ್ಸ್’ ಸೇರಬಹುದು. ಅದೇ ಎಮರ್ಜೆನ್ಸಿ ಟ್ಯಾಕ್ಸ್ ಕೋಡ್. ಸೇರಿದರೆ ಪ್ರತಿ ತಿಂಗಳ ಲೆಕ್ಕವನ್ನೂ ಹಿಂದಿನದರ ಜೊತೆ ಕೂಡಿಸದೆ ಬಿಡಿಯಾಗಿ ಹಾಕುತ್ತಾರೆ. ತೆರಿಗೆ ವರ್ಷ ಶುರುವಾಗುವ ಏಪ್ರಿಲ್ 6ರಿಂದ ಬಳಸದೆ ಉಳಿದ ವಿನಾಯಿತಿ ಸಿಗುವುದಿಲ್ಲ. ಸರಿಯಾದ ಕೋಡ್ ಬಂದ ಮೇಲೆ ಹೆಚ್ಚಿಗೆ ಹಿಡಿದದ್ದು ಸಂಬಳದಲ್ಲೇ ವಾಪಸ್ ಬರುತ್ತದೆ.

ಬೆಂಗಳೂರಿನಿಂದ

ತುರ್ತು ತೆರಿಗೆ ಸಂಕೇತ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಮೈಸೂರಿನಿಂದ

ಇದೆ. ‘ತುರ್ತು’ ಯಾವುದಕ್ಕೆ ವಿಶೇಷಣ, ತೆರಿಗೆಗೋ ಸಂಕೇತಕ್ಕೋ? ಓದುವವರು ‘ತುರ್ತು ತೆರಿಗೆ’ ಎಂದೇ ಒಡೆದುಕೊಳ್ಳುತ್ತಾರೆ. ಅಂಥ ತೆರಿಗೆಯೇ ಇಲ್ಲ. ಇನ್ನೊಂದು ಮಾತು: ಈಗಲೇ ಯಾರಾದರೂ ‘ತೆರಿಗೆ ಸಂಹಿತೆ’ ಎಂದು ಬರೆಯುತ್ತಾರೆ, ಬೇಡ. ಸಂಹಿತೆ ಎಂದರೆ ಕಾನೂನಿನ ಕಟ್ಟು. ನ್ಯಾಯ ಸಂಹಿತೆ, ಚುನಾವಣೆಯ ನೀತಿ ಸಂಹಿತೆ ನೋಡಿ. ಇದು ಬರೀ ಅಂಕಿ, ಅಕ್ಷರ.

ಲೆಸ್ಟರ್‌ನಿಂದ

ಮೈಸೂರಿನ ಸರ್ ಹೇಳಿದ್ದೇ ನನ್ನ ಕಷ್ಟ. ಹೋದ ವಾರ ಒಬ್ಬರು ಸಂಬಳದ ಚೀಟಿ ಹಿಡಿದುಕೊಂಡು ಮನೆಗೇ ಬಂದರು. ಹೆಂಡತಿ ಇಲ್ಲಿ ನರ್ಸ್, ಇವರು ಅಕ್ಟೋಬರ್‌ನಲ್ಲಿ ಗೋದಾಮಿನ ಕೆಲಸಕ್ಕೆ ಸೇರಿದವರು. ಆ ತೆರಿಗೆ ವರ್ಷದಲ್ಲಿ ಅವರಿಗೆ ಅದೇ ಮೊದಲ ಕೆಲಸ. ತಿಂಗಳಿಗೆ 2,400 ಪೌಂಡ್. ಏಪ್ರಿಲ್‌ನಿಂದ ಕೂಡಿಸಿಕೊಂಡು ಲೆಕ್ಕ ಹಾಕಿದ್ದರೆ ಆ ತಿಂಗಳು ಆದಾಯ ತೆರಿಗೆ ಸೊನ್ನೆ. ಚೀಟಿಯಲ್ಲಿ ಸುಮಾರು 270 ಪೌಂಡ್ ಹೋಗಿತ್ತು. ಬಲಗಡೆ ಮೇಲಿನ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ, ‘1257ಎಲ್ ಎಂ1’. ಸೇರುವಾಗ ತುಂಬಿದ ಫಾರಂನಲ್ಲಿ ‘ಎ’ ಮನೆಗೆ ಗುರುತು ಹಾಕಬೇಕಿತ್ತು, ‘ಬಿ’ಗೆ ಹಾಕಿದ್ದಾರೆ. ‘ಎ’ ಎಂದರೆ ಈ ವರ್ಷ ಇದೇ ಮೊದಲ ಕೆಲಸ, ‘ಬಿ’ ಎಂದರೆ ಈಗ ಇದೊಂದೇ ಕೆಲಸ ಆದರೆ ಮೊದಲು ಬೇರೊಂದು ಇತ್ತು. ಅಷ್ಟೇ ತಪ್ಪು.

ಫೋನಿನಲ್ಲಿ ಅನುವಾದ ಮಾಡಿ ನೋಡಿದರೆ ‘ತುರ್ತು ತೆರಿಗೆ’ ಎಂದು ಬಂತಂತೆ. ‘ಮೇಡಂ, ಇಲ್ಲೇನಾದರೂ ಯುದ್ಧ ಶುರುವಾಗುತ್ತಾ? ಅದಕ್ಕೆ ಹಿಡಿದರಾ?’ ಎಂದು ಕೇಳಿದರು. ಚೀಟಿ ಹಿಡಿದ ಕೈ ನಡುಗುತ್ತಿತ್ತು. ಆ ಪದ ನನಗೆ ಬೇಡ.

ಧಾರವಾಡದಿಂದ

‘ತುರ್ತು’ ಹೊಂದುವುದಿಲ್ಲ ಎನ್ನುವುದಕ್ಕೆ ಪದದೊಳಗೇ ಕಾರಣ ಇದೆ. ಮೂಲ ಸಂಸ್ಕೃತದ ‘ತ್ವರ್’. ತ್ವರೆ, ತ್ವರಿತ, ತೂರ್ಣ ಎಲ್ಲ ಒಂದೇ ಬಳ್ಳಿ. ಮರಾಠಿಯವರು ‘ತೂರ್ತಾಸ’ ಅಂದರೆ ‘ಸದ್ಯಕ್ಕೆ, ಈಗಿನ ಮಟ್ಟಿಗೆ’. ನಾವು ಅದೇ ಪದವನ್ನು ಅವಸರ, ಅಪಾಯದ ಕಡೆಗೆ ಒಯ್ದೆವು: ಆಸ್ಪತ್ರೆಯ ತುರ್ತು ಘಟಕ, ಬಸ್ಸಿನ ತುರ್ತು ನಿರ್ಗಮನ, 1975ರ ತುರ್ತು ಪರಿಸ್ಥಿತಿ. ಈ ಕೋಡಿಗೆ ಬೇಕಾದದ್ದು ಮರಾಠಿಯ ಅರ್ಥ. ಕನ್ನಡದಲ್ಲಿ ಆ ಕೆಲಸ ಮಾಡುವ ಪದ ‘ಹಂಗಾಮಿ’. ಹಂಗಾಮಿ ನೌಕರ, ಹಂಗಾಮಿ ಸಭಾಪತಿ ಎಂದರೆ ಯಾರೂ ಹೆದರುವುದಿಲ್ಲ, ಕಾಯಂ ಆದವರು ಬರುವ ತನಕ ಎಂದು ತಿಳಿಯುತ್ತಾರೆ. ಹಂಗಾಮಿ ತೆರಿಗೆ ಕೋಡ್ ಎಂದು ಬರೆಯಿರಿ.

ಶಿವಮೊಗ್ಗದಿಂದ

ಹಂಗಾಮಿ ಪಾರಸಿ, ಕೋಡ್ ಇಂಗ್ಲಿಷ್. ಮೂರು ಪದದಲ್ಲಿ ಕನ್ನಡದ್ದು ‘ತೆರಿಗೆ’ ಒಂದೇ. ಅದಕ್ಕಾದರೂ ಮರ್ಯಾದೆ ಕೊಡಿ. ತೆರು ಎಂಬ ಕ್ರಿಯಾಪದದಿಂದ ಬಂದದ್ದು, ಶಾಸನಗಳಲ್ಲಿ ‘ತೆಱೆ’ ಎಂದೇ ಇದೆ. ‘ಈಗಿನ ಮಟ್ಟಿನ ತೆರಿಗೆ ಗುರುತು’ ಎನ್ನಿ. ಎಲ್ಲವೂ ನಮ್ಮದೇ.

ಬೆಂಗಳೂರಿನಿಂದ

ನಾಲ್ಕು ಪದ. ತಲೆಬರಹದಲ್ಲಿ ಹಿಡಿಸುವುದಿಲ್ಲ.

ಧಾರವಾಡದಿಂದ

ಹಂಗಾಮು ಪಾರಸಿಯಿಂದ ಬಂದದ್ದು ನಿಜ, ಅಲ್ಲಿ ‘ಕಾಲ, ಸಮಯ’ ಎಂದರ್ಥ. ನಮ್ಮ ಕಡೆ ರೈತರು ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಅನ್ನದೆ ಬಿತ್ತುವುದಿಲ್ಲ. ಅವರ ಬಾಯಲ್ಲಿ ಅದು ಕನ್ನಡವಲ್ಲದೆ ಇನ್ನೇನು? ಜಮಾ, ಖರ್ಚು, ಬಾಕಿ, ವಸೂಲಿ ಈ ನಾಲ್ಕನ್ನೂ ಬಿಟ್ಟು ಒಂದು ಅಂಗಡಿಯ ಲೆಕ್ಕ ಬರೆದು ತೋರಿಸಿ, ಆಮೇಲೆ ಮಾತಾಡೋಣ.

ಶಿವಮೊಗ್ಗದಿಂದ

ಬಂದುಬಿಟ್ಟದ್ದನ್ನು ಓಡಿಸಿ ಎಂದು ನಾನು ಹೇಳಲಿಲ್ಲ. ಹೊಸ ಪದ ಕಟ್ಟುವ ಹೊತ್ತಿಗೂ ಮೊದಲು ಕೈ ಹೋಗುವುದು ಎರವಲಿನ ಪೆಟ್ಟಿಗೆಗೇ ಎಂಬುದು ನನ್ನ ಸಂಕಟ. ಹೀಗೆ ಮಾಡಿಯೇ ಕನ್ನಡದ ಪದ ಕಟ್ಟುವ ಶಕ್ತಿ ತುಕ್ಕು ಹಿಡಿದಿದೆ.

ಮೈಸೂರಿನಿಂದ

‘ಗುರುತು’ ಎಂದರೆ ಇಲ್ಲಿ ಗೊಂದಲ. ಲೆಸ್ಟರಿನವರು ‘ಎ ಮನೆಗೆ ಗುರುತು ಹಾಕಬೇಕಿತ್ತು’ ಎಂದು ಅದೇ ಪುಟದಲ್ಲಿ ಬರೆಯಬೇಕಾಗುತ್ತದೆ. ಎರಡಕ್ಕೂ ಒಂದೇ ಪದ ಆಗದು. ಪಿನ್ ಕೋಡ್ ಎಂದು ಹಳ್ಳಿಯ ಅಂಚೆಯಣ್ಣನೂ ಅನ್ನುತ್ತಾನೆ. ಕೋಡ್ ಇರಲಿ.

ಮಂಗಳೂರಿನಿಂದ, ಈಗ ಗ್ಲಾಸ್ಗೋದಲ್ಲಿ

ನಾನೂ ನರ್ಸ್. ನನಗೆ ಮೊದಲ ಕೆಲಸದಲ್ಲಿ ಆ ಫಾರಂ ಯಾರೂ ಕೊಡಲೇ ಇಲ್ಲ, ಹಾಗಾಗಿ ‘0ಟಿ’ ಬಿತ್ತು. ಅದರಲ್ಲಿ ವಿನಾಯಿತಿಯೇ ಇಲ್ಲ, ಮೊದಲ ಪೌಂಡಿನಿಂದಲೇ ತೆರಿಗೆ. ಲೆಸ್ಟರಿನ ಅಣ್ಣನಿಗೆ ಅದು ಬಿದ್ದಿದ್ದರೆ 480 ಪೌಂಡ್ ಹೋಗುತ್ತಿತ್ತು. ಆ ತಿಂಗಳು ಬಾಡಿಗೆ ಕಟ್ಟಲು ಗೆಳತಿಯ ಹತ್ತಿರ ಸಾಲ ಮಾಡಿದೆ. ಹಣ ತಿರುಗಿ ಬರುತ್ತದೆ ಎಂದು ಆ ಪದವೇ ಹೇಳಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ‘ಹಂಗಾಮಿ’ಯಲ್ಲಿ ಅದು ಇದೆ. ಇಲ್ಲಿ ಸ್ಕಾಟ್ಲೆಂಡಿನವರ ಕೋಡಿಗೆ ಮೊದಲು ‘ಎಸ್’ ಇರುತ್ತದೆ, ವೇಲ್ಸಿನವರಿಗೆ ‘ಸಿ’. ಅದನ್ನೂ ಸೇರಿಸಿ, ಇಲ್ಲದಿದ್ದರೆ ತಪ್ಪು ಕೋಡ್ ಎಂದುಕೊಳ್ಳುತ್ತಾರೆ.

ಲೆಸ್ಟರ್‌ನಿಂದ

ಎಲ್ಲರಿಗೂ ಋಣಿ. ಪುಟಕ್ಕೆ ಹೀಗೆ ಬರೆದಿದ್ದೇನೆ:

‘ಸಂಬಳದ ಚೀಟಿಯಲ್ಲಿ ಕೋಡಿನ ಕೊನೆಗೆ ಎಂ1, ಡಬ್ಲ್ಯು1 ಅಥವಾ ಎಕ್ಸ್ ಇದ್ದರೆ ಅದು ಹಂಗಾಮಿ ತೆರಿಗೆ ಕೋಡ್. ನಿಮ್ಮ ವಿವರ ಪೂರ್ತಿ ಸಿಗದ ಕಾರಣ ಈಗಿನ ಮಟ್ಟಿಗೆ ಹಾಕಿದ ಲೆಕ್ಕ ಇದು, ದಂಡ ಅಲ್ಲ. ಪಿ45 ಇದ್ದರೆ ಮಾಲೀಕರಿಗೆ ಕೊಡಿ. ಇಲ್ಲದಿದ್ದರೆ ಸೇರುವ ದಿನವೇ ಹೊಸ ನೌಕರರ ಫಾರಂ ಕೇಳಿ ತುಂಬಿ. ಕೋಡ್ ಸರಿಯಾದ ಮೇಲೆ ಹೆಚ್ಚಿಗೆ ಹಿಡಿದ ಹಣ ಸಂಬಳದ ಜೊತೆ ತಿರುಗಿ ಬರುತ್ತದೆ.’

ಶಿವಮೊಗ್ಗದ ಸರ್, ನಿಮ್ಮ ‘ಈಗಿನ ಮಟ್ಟಿಗೆ’ ವಾಕ್ಯದೊಳಗೆ ಬಂದಿದೆ.

ಶಿವಮೊಗ್ಗದಿಂದ

ನೋಡಿದೆ. ತಲೆಬರಹದಲ್ಲಿ ಇರಬೇಕಿತ್ತು. ‘ಹೆಚ್ಚಿಗೆ ಹಿಡಿದ ಹಣ’ ಚೆನ್ನಾಗಿದೆ, ಅದನ್ನು ಯಾರು ಹೇಳಿದರೂ ‘ಹೆಚ್ಚುವರಿ ಕಡಿತದ ಮೊತ್ತ’ ಎಂದು ತಿದ್ದಬೇಡಿ.