ಪತಿ ಬಿಟ್ಟುಹೋಗಿದ್ದಾರೆ, ವಿಚ್ಛೇದನವಾಗಿಲ್ಲ: ಬಾಡಿಗೆ ಮನೆ, ಬ್ಯಾಂಕು, ಸರ್ಕಾರದ ನೆರವು – ಎಲ್ಲಿಂದ ಆರಂಭಿಸಲಿ?

ಪ್ರಶ್ನೆ – ಗಾರ್ಮೆಂಟ್ಸ್ ಕೆಲಸಗಾರ್ತಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಕೈಗೆ ಬರುವ ಸಂಬಳ ತಿಂಗಳಿಗೆ ಸುಮಾರು 12,000 ರೂಪಾಯಿ. ಪತಿ ನಮ್ಮನ್ನು ಬಿಟ್ಟುಹೋಗಿ ಕೆಲವು ವರ್ಷಗಳಾದವು. ವಿಚ್ಛೇದನವಾಗಿಲ್ಲ, ಮಗನ ಖರ್ಚಿಗೆಂದು ಒಂದು ಪೈಸೆಯೂ ಬಂದಿಲ್ಲ. ಮಗನಿಗೆ ಈಗ ಏಳು ವರ್ಷ. ಈಗಿರುವ ಮನೆಯನ್ನು ಮಾಲೀಕರು ಖಾಲಿ ಮಾಡಿಸುತ್ತಿರುವುದರಿಂದ ಬೇರೆ ಮನೆ ಹುಡುಕುತ್ತಿದ್ದೇನೆ. ಬಾಡಿಗೆ, ಅಡ್ವಾನ್ಸ್ ಎಲ್ಲವೂ ಮಾತಾದ ಮೇಲೆ "ಯಜಮಾನ್ರು ಏನು ಮಾಡ್ತಾರೆ?" ಎಂಬ ಪ್ರಶ್ನೆ ಬರುತ್ತದೆ, ನಿಜ ಹೇಳಿದರೆ "ಮನೇಲಿ ಕೇಳಿ ಹೇಳ್ತೀವಿ" ಎನ್ನುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ದುಬೈಯಲ್ಲಿದ್ದಾರೆಂದು ಹೇಳಿಬಿಡು ಎಂದು ಜೊತೆಯವರು ಸಲಹೆ ಕೊಡುತ್ತಾರೆ. ಊರಿನವರ ಬಾಯಿಗೆ ಹೆದರಿ ತಾಳಿಯನ್ನಂತೂ ಇನ್ನೂ ತೆಗೆದಿಲ್ಲ.

ಪಡಿತರ ಚೀಟಿಯಲ್ಲಿ ನನ್ನ ಹೆಸರು ಅತ್ತೆಯ ಮನೆಯಲ್ಲೇ ಇರುವುದರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅವರಿಗೇ ಸಲ್ಲುತ್ತದೆ. ಪತಿ ಬದುಕಿರುವುದರಿಂದ ವಿಧವಾ ವೇತನ ನನಗಿಲ್ಲ. ಮಗನ ಹೆಸರಿನಲ್ಲಿ ಖಾತೆ ತೆರೆಯಲು ಹೋದರೆ ಬ್ಯಾಂಕಿನಲ್ಲಿ ತಂದೆಯ ಸಹಿ ಕೇಳಿದರು. ವಿಧವೆಯೂ ಅಲ್ಲದ, ವಿಚ್ಛೇದಿತೆಯೂ ಅಲ್ಲದ ನನ್ನಂಥವರಿಗೆ ದಾರಿ ಯಾವುದು?

ಉತ್ತರ 1 – ವಕೀಲೆ, ದಾವಣಗೆರೆ

ನಮ್ಮ ಯೋಜನೆಗಳು ಗಂಡನ ಸಾವನ್ನು ಗುರುತಿಸುತ್ತವೆ, ನ್ಯಾಯಾಲಯದ ತೀರ್ಪನ್ನು ಗುರುತಿಸುತ್ತವೆ. ಹೇಳದೆ ಕೇಳದೆ ಎದ್ದುಹೋದವನನ್ನು ಗುರುತಿಸುವುದು ಕಡಿಮೆ. ಮನಸ್ವಿನಿ ಯೋಜನೆಯ ಮಾಸಿಕ 800 ರೂಪಾಯಿ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ, ಅದೂ 40ರಿಂದ 64 ವರ್ಷದೊಳಗಿನವರಿಗೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಸಿಗುತ್ತದೆ, ಪತಿ ಬಿಟ್ಟುಹೋದ ತಾಯಂದಿರ ಮಕ್ಕಳೂ ಅದಕ್ಕೆ ಅರ್ಹರು. ಆದರೆ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ನಿಮ್ಮ ಸಂಬಳಕ್ಕೆ ಅದು ಕೈತಪ್ಪುತ್ತದೆ. ಕನಿಷ್ಠ ಕೂಲಿಗೆ ದುಡಿಯುವ ತಾಯಿಯನ್ನೇ ಹೊರಗಿಡುವ ಈ ಮಿತಿ ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಆದ್ದರಿಂದ ಮೊದಲು ಜೀವನಾಂಶಕ್ಕೆ ಅರ್ಜಿ ಹಾಕಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ರಡಿ, ವಿಚ್ಛೇದನವಿಲ್ಲದೆಯೂ ನಿಮಗೂ ಮಗನಿಗೂ ಜೀವನಾಂಶ ಕೇಳಬಹುದು, ನೀವು ವಾಸಿಸುವ ಊರಿನಲ್ಲೇ ಕೇಳಬಹುದು. ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕವಾಗಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ, ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿದೆ. ತಡಮಾಡಿದಷ್ಟೂ ನಷ್ಟ ನಿಮಗೇ. ವಕೀಲರ ಶುಲ್ಕಕ್ಕೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇದ್ದರೂ ಮಹಿಳೆಗೆ ಉಚಿತ ನೆರವು ಸಿಗಬೇಕು.

ಬ್ಯಾಂಕಿನವರು ಕೇಳಿದ ಸಹಿಯ ವಿಷಯ ಇತ್ಯರ್ಥವಾಗಿ ಕಾಲು ಶತಮಾನವೇ ಕಳೆದಿದೆ. ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದ ಗೀತಾ ಹರಿಹರನ್ ಅವರಿಗೆ ರಿಸರ್ವ್ ಬ್ಯಾಂಕ್ ತಂದೆಯ ಸಹಿಯನ್ನೇ ಕೇಳಿತ್ತು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯಲ್ಲಿ ತಂದೆಯ "ನಂತರ" ತಾಯಿ ಎಂದಿರುವುದಕ್ಕೆ ತಂದೆ ಸತ್ತ ಮೇಲೆ ಮಾತ್ರ ಎಂಬ ಅರ್ಥವಿಲ್ಲ, ಆತ ಮಗುವಿನ ಹೊಣೆ ಹೊರದೆ ದೂರವಿದ್ದಾಗಲೂ ತಾಯಿಯೇ ಸಹಜ ಪೋಷಕಿ ಎಂದು 1999ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪಾಯಿತು. ಶಾಖೆಯ ವ್ಯವಸ್ಥಾಪಕರಿಗೆ ಇದನ್ನು ಉಲ್ಲೇಖಿಸಿ ಪತ್ರ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಉತ್ತರ 2 – ನಿವೃತ್ತ ನರ್ಸ್, ಹಾವೇರಿ

ಮಗಳೇ, ಕೋರ್ಟಿನ ಮೆಟ್ಟಿಲು ಹತ್ತಿದರೆ ಸಂಬಂಧ ಪೂರ್ತಿ ಹರಿದುಹೋಗುತ್ತದೆ. ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮೊದಲು ಮಾತನಾಡಿಸಿ ನೋಡಬಾರದೇ? ನಾಳೆ ಮಗನಿಗೂ ತಂದೆಯ ಕಡೆಯವರು ಬೇಕಾಗುತ್ತಾರೆ.

ಉತ್ತರ 3 – ಶಾಲಾ ಶಿಕ್ಷಕಿ, ತೀರ್ಥಹಳ್ಳಿ

ಅಮ್ಮ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇಷ್ಟು ವರ್ಷ ಮಗನ ಊಟ, ಫೀಸು ವಿಚಾರಿಸದ ಹಿರಿಯರು ಈಗ ಕೂತರೆ "ಹೊಂದಿಕೊಂಡು ಹೋಗು" ಎಂಬ ಮಾತನ್ನು ಮತ್ತೆ ಈಕೆಗೇ ಹೇಳುತ್ತಾರೆ. ಬಿಟ್ಟುಹೋದವನನ್ನು ಯಾರೂ ಕೂರಿಸಿ ಕೇಳುವುದಿಲ್ಲ.

ಶಾಲೆಯ ಕಡೆಯಿಂದ ನಾನು ಕಂಡದ್ದನ್ನು ಹೇಳುತ್ತೇನೆ. ಪೋಷಕರ ಸಭೆಯನ್ನು ಕೆಲಸದ ದಿನ ಮಧ್ಯಾಹ್ನ ಮೂರಕ್ಕೆ ಕರೆಯುತ್ತೇವೆ. ಒಬ್ಬಳೇ ದುಡಿಯುವ ತಾಯಿಗೆ ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಬಾರದಿದ್ದರೆ "ಆ ಮಗುವಿಗೆ ಹೇಳೋರು ಕೇಳೋರು ಇಲ್ಲ" ಎಂಬ ಮಾತು ಸಿಬ್ಬಂದಿ ಕೊಠಡಿಯಲ್ಲೇ ಹುಟ್ಟುತ್ತದೆ. ನನ್ನ ತರಗತಿಯ ಮಟ್ಟಿಗೆ ಅಂಥ ತಾಯಂದಿರೊಂದಿಗೆ ರಾತ್ರಿ ಫೋನಿನಲ್ಲಿ ಮಾತನಾಡುವ ಪರಿಪಾಠ ಇಟ್ಟುಕೊಂಡಿದ್ದೇನೆ. ನೀವೂ ಕೇಳಿ, ಸಂಕೋಚ ಬೇಡ. ಇನ್ನೊಂದು ತೊಡಕಿದೆ: ಕಾರ್ಖಾನೆಯಲ್ಲಿ ಕೆಲಸಗಾರರ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಬೇಕೆಂದು ಕಾನೂನು ಹೇಳುತ್ತದೆ, ಆದರೆ ಆರು ವರ್ಷದೊಳಗಿನವರಿಗೆ ಮಾತ್ರ. ಶಾಲೆ ಬಿಟ್ಟ ಮೇಲೆ ನೀವು ಪಾಳಿ ಮುಗಿಸಿ ಬರುವವರೆಗೆ ಏಳು ವರ್ಷದ ಹುಡುಗ ಎಲ್ಲಿರಬೇಕೆಂಬುದಕ್ಕೆ ಯಾವ ಕಾನೂನಿನಲ್ಲೂ ಉತ್ತರವಿಲ್ಲ. ಹಾಗಾಗಿ ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ಪಕ್ಕದ ಮನೆಯವರು ಯಾರೆಂದು ವಿಚಾರಿಸಿ.

ಉತ್ತರ 4 – ಎಂಜಿನಿಯರ್, ಹಾಸನ

ನಾನು ಇಂಥದ್ದೇ ಮನೆಯಲ್ಲಿ ಬೆಳೆದವನು. ದುಬೈಯ ಸುಳ್ಳನ್ನು ದಯವಿಟ್ಟು ಹೇಳಬೇಡಿ. ನಮ್ಮ ತಾಯಿಯೂ ಮನೆ ಸಿಗಲೆಂದು ಅಂಥದೊಂದು ಮಾತು ಹೇಳಿದ್ದರು, ಆಮೇಲೆ ಬೀದಿಯಲ್ಲಿ "ಅಪ್ಪ ಹಬ್ಬಕ್ಕೆ ಬರ್ತಾರಾ, ಏನು ಕಳಿಸಿದ್ರು?" ಎಂದು ಪ್ರತಿ ವರ್ಷ ಕೇಳಿಸಿಕೊಂಡು ಉತ್ತರ ಹೊಂದಿಸುತ್ತಿದ್ದವನು ನಾನು. ಕೊನೆಗೆ ಮುಖ್ಯೋಪಾಧ್ಯಾಯರೊಬ್ಬರು ನಿಜವನ್ನು ಹೇಳಿಯೇ, ತಮ್ಮ ಜವಾಬ್ದಾರಿಯ ಮೇಲೆ ನಮಗೆ ಮನೆ ಕೊಡಿಸಿದರು. ನಿಮ್ಮ ಕಾರ್ಖಾನೆಯ ಮೇಲ್ವಿಚಾರಕರೋ, ಮಗನ ಶಿಕ್ಷಕರೋ ಮಾಲೀಕರೊಡನೆ ಒಮ್ಮೆ ಮಾತನಾಡಿದರೆ ಸಾಕಾಗಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮಗನ ಶಿಕ್ಷಕರನ್ನು ನಾಳೆಯೇ ಕೇಳುತ್ತೇನೆ. ಸೋಮವಾರ ಅರ್ಧ ದಿನ ರಜೆ ಹಾಕಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕೆಂದಿದ್ದೇನೆ. ಏನೇನು ಒಯ್ಯಬೇಕು?

ವಕೀಲೆ, ದಾವಣಗೆರೆ

ಆಧಾರ್, ಮದುವೆಯ ಆಮಂತ್ರಣ ಪತ್ರಿಕೆ ಅಥವಾ ಫೋಟೊ, ಮಗನ ಜನನ ಪ್ರಮಾಣಪತ್ರ, ನಿಮ್ಮ ಸಂಬಳದ ಚೀಟಿ, ಬಾಡಿಗೆ ಮತ್ತು ಶಾಲೆಯ ರಸೀದಿಗಳು ಇರಲಿ. ಪತಿಯ ಕೆಲಸ, ವಿಳಾಸ ಗೊತ್ತಿದ್ದಷ್ಟು ಬರೆದುಕೊಳ್ಳಿ. ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುತ್ತದೆ. ಹೋಗುವ ಮೊದಲು ವಿಚಾರಿಸುವುದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಅತ್ತೆಯ ಪಡಿತರ ಚೀಟಿಯಿಂದ ಹೆಸರು ತೆಗೆಸುವ ಅರ್ಜಿಯ ಬಗ್ಗೆಯೂ ಅಲ್ಲಿಯೇ ಕೇಳಿ. ಅದಾಗದೆ ನಿಮ್ಮ ಹೆಸರಿನಲ್ಲಿ ಹೊಸ ಚೀಟಿ ಆಗುವುದಿಲ್ಲ.