ಸ್ಕೂಲ್ ಬಜೆಟ್ ಬಗ್ಗೆ ಕೇಳಿ: ಇವತ್ತು ರಾತ್ರಿ 9ರವರೆಗೆ

ಅಡ್ಮಿನ್: ಪೆನ್ಸಿಲ್ವೇನಿಯಾ ಕನ್ನಡಿಗರೇ, ಸುಧಾ ಮೇಡಂ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ (ಊರಿನ ಸರ್ಕಾರಿ ಸ್ಕೂಲುಗಳನ್ನು ನಡೆಸುವ ಸಂಸ್ಥೆ) ಬಜೆಟ್ ಆಫೀಸಿನಲ್ಲಿ 18 ವರ್ಷ ಇದ್ದವರು. ಕೇಳಿ.

ಮಂಜು: ಪಕ್ಕದೂರಿನ ಸ್ಕೂಲಿಗೆ ಈಜುಕೊಳ ಇದೆ. ನಮ್ಮಲ್ಲಿ ಲೈಬ್ರರಿಗೇ ಬೀಗ. ಯಾಕೆ ಮೇಡಂ?

ಸುಧಾ: ದುಡ್ಡಿನ ದೊಡ್ಡ ಪಾಲು ಊರಿನ ಮನೆ ಟ್ಯಾಕ್ಸಿನದು. ಟ್ಯಾಕ್ಸಿನ ದರ ಲೆಕ್ಕ ಹಾಕುವುದು ಮಿಲ್‌ನಲ್ಲಿ. 1 ಮಿಲ್ ಅಂದರೆ ಮನೆಯ ಬೆಲೆಯಲ್ಲಿ 1,000 ಡಾಲರಿಗೆ 1 ಡಾಲರ್. 5 ಲಕ್ಷದ ಮನೆಯಿಂದ 500 ಬರುತ್ತದೆ, 1 ಲಕ್ಷದ ಮನೆಯಿಂದ 100. ಬಡ ಊರು ದರ ಏರಿಸಿದರೂ ಗಲ್ಲಾ ತುಂಬುವುದಿಲ್ಲ. ಇದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ 2023ರಲ್ಲಿ ರಾಜ್ಯದ ಕಾಮನ್‌ವೆಲ್ತ್ ಕೋರ್ಟೇ ಹೇಳಿತು.

ಶಾಂತಾ: ಬಾಡಿಗೆಯವರೂ ಸ್ಕೂಲ್ ಟ್ಯಾಕ್ಸ್ ಕಟ್ಟಬೇಕಾ?

ರಾಘು: (ಫಾರ್ವರ್ಡ್) ಲಾಟರಿ ದುಡ್ಡೆಲ್ಲ ಸ್ಕೂಲಿಗೇ! ಕೊರತೆ ಅನ್ನೋದು ನಾಟಕ!

ಸುಧಾ: ಪೆನ್ಸಿಲ್ವೇನಿಯಾದಲ್ಲಿ ಲಾಟರಿ ಲಾಭ ಹೋಗುವುದು ವಯಸ್ಸಾದವರ ಯೋಜನೆಗಳಿಗೆ.

ವೀಣಾ: ಈ ವರ್ಷದಿಂದ ನಮ್ಮ ಸ್ಕೂಲಿಗೆ ನರ್ಸ್ ಮಂಗಳವಾರ, ಗುರುವಾರ ಮಾತ್ರ ಬರುತ್ತಾರೆ. ಮಗಳಿಗೆ ಆಸ್ತಮಾ. ಇನ್ಹೇಲರ್ ಅವರ ಕಪಾಟಿನಲ್ಲಿದೆ. ಸೋಮವಾರ ಕೀಲಿ ಯಾರ ಹತ್ತಿರ ಅಂದರೆ ಆಫೀಸಿನವರು ಮುಖ ಮುಖ ನೋಡಿಕೊಂಡರು.

ಸುಧಾ: ವೀಣಾ, ಇದನ್ನು ನಾಳೆಗೆ ಇಡಬೇಡಿ. ಕಾನೂನು ಕೇಳುವುದು 1,500 ಮಕ್ಕಳಿಗೆ ಒಬ್ಬ ನರ್ಸ್. ಸ್ಕೂಲಿಗೊಬ್ಬರು ಅಂತಿಲ್ಲ. ಅದಕ್ಕೇ ಕತ್ತರಿ ಅಲ್ಲಿ ಸುಲಭವಾಗಿ ಆಡುತ್ತದೆ. 2013ರಲ್ಲಿ ಫಿಲಡೆಲ್ಫಿಯಾ 23 ಸ್ಕೂಲ್ ಮುಚ್ಚಿ, 3,000ಕ್ಕೂ ಜಾಸ್ತಿ ಜನರನ್ನು ಕೆಲಸದಿಂದ ತೆಗೆಯಿತು. ಆ ವರ್ಷವೇ, ನರ್ಸ್ ಇಲ್ಲದ ದಿನ ಸ್ಕೂಲಿನಲ್ಲಿ ಉಬ್ಬಸ ಬಂದ ಆರನೇ ಕ್ಲಾಸಿನ ಹುಡುಗಿ ಸಂಜೆಗೆ ತೀರಿಕೊಂಡಳು. ನನಗೆ ಇವತ್ತಿಗೂ ಮರೆತಿಲ್ಲ. ಡಾಕ್ಟರಿಂದ ಆಸ್ತಮಾ ಪ್ಲಾನ್ ಬರೆಸಿ. ಇನ್ಹೇಲರ್ ಮಗಳ ಬ್ಯಾಗಿನಲ್ಲೇ ಇರಲು ಅನುಮತಿ ಕೇಳಿ. ನರ್ಸ್ ಇಲ್ಲದ ದಿನ ಯಾರು ನೋಡಿಕೊಳ್ಳುತ್ತಾರೆ ಅಂತ ಹೆಸರು ಬರೆದು ಕೊಡಲಿ. 504 ಪ್ಲಾನಿಗೂ (ಕಾಯಿಲೆ, ಅಂಗವೈಕಲ್ಯ ಇರುವ ಮಕ್ಕಳಿಗೆ ಸ್ಕೂಲು ಏನೇನು ನೆರವು ಕೊಡಬೇಕು ಅಂತ ಬರೆದಿಡುವ ಪ್ಲಾನ್) ಅರ್ಜಿ ಹಾಕಿ. ಬಾಯಿಮಾತು ಬೇಡ, ಎಲ್ಲ ಈಮೇಲಿನಲ್ಲಿ.

ರಾಘು: (ಫಾರ್ವರ್ಡ್) ಬಿಸಿನೀರಿಗೆ ಅರಿಶಿನ, ಮೆಣಸು. ಇನ್ಹೇಲರೇ ಬೇಡ.

ಸುಧಾ: ದಯವಿಟ್ಟು ಅಳಿಸಿ. ವೀಣಾ, ಇದನ್ನು ಓದಲೇಬೇಡಿ.

ಕಿರಣ್: ಫ್ರೆಂಡ್ ಅಡ್ರೆಸ್ ಕೊಟ್ಟು ಒಳ್ಳೆ ಡಿಸ್ಟ್ರಿಕ್ಟ್‌ಗೆ ಸೇರಿಸಿ ಅಕ್ಕಾ. ಎಲ್ಲರೂ ಮಾಡ್ತಾರೆ.

ಸುಧಾ: ಓಹಿಯೋದಲ್ಲಿ 2011ರಲ್ಲಿ ತನ್ನ ಅಪ್ಪನ ಅಡ್ರೆಸ್ ಕೊಟ್ಟ ತಾಯಿ ಜೈಲಿಗೆ ಹೋದಳು. ನೀವು ವೀಸಾದಲ್ಲಿದ್ದೀರಿ, ಅಲ್ವಾ?

ಶಾಂತಾ: ಮೇಡಂ, ಬಾಡಿಗೆ?

ರಾಘು: ಆ ಸ್ಕೂಲುಗಳಿಗೆ ಎಷ್ಟು ಸುರಿದರೂ ಅಷ್ಟೇ. ಆ ಮಕ್ಕಳು ಓದ್ತಾರಾ?

ಮಂಜು: ಯಾವ ಮಕ್ಕಳು ಸಾರ್? ನನ್ನ ಮಗನೂ ಅಲ್ಲೇ ಓದೋದು.

ರಾಘು: ನಿಮಗೆ ಹೇಳಿದ್ದಲ್ಲ.

ಮಂಜು: ಮತ್ಯಾರಿಗೆ?

ಸುಧಾ: ನಾನು ಮೇಲೆ ಹೇಳಿದ ಆ ಕೋರ್ಟ್ ಕೇಸಿನಲ್ಲೂ ರಾಜ್ಯದ ಶಾಸಕಾಂಗ ನಾಯಕರ ಕಡೆಯ ವಕೀಲರೊಬ್ಬರು ಹೀಗೇ ಕೇಳಿದ್ದರು, ಮೆಕ್‌ಡೊನಾಲ್ಡ್ಸ್ ಕೆಲಸಕ್ಕೆ ಆಲ್ಜೀಬ್ರಾ ಯಾಕೆ ಅಂತ. ಅವರ ಕಡೆ ಸೋತಿತು.

ಪ್ರಕಾಶ್: ಲಾಟರಿ ದುಡ್ಡು ಏನಾಗುತ್ತೆ ಮೇಡಂ?

ಸುಧಾ: ಮೇಲೆ ಓದಿ.

ಅಡ್ಮಿನ್: ರಾಘು ಸಾರ್, ಮಂಜು, ಸಾಕು.

ಸುಧಾ: ವೀಣಾ, ಈಮೇಲ್ ಕಳಿಸಿದಿರಾ?

ವೀಣಾ: ಬರೀತಾ ಇದ್ದೀನಿ ಅಕ್ಕಾ.

ಶಾಂತಾ: ಬಾಡಿಗೆ ಪ್ರಶ್ನೆ, ಮೂರನೇ ಸಲ.