ಹಕ್ಕು ಬಿಡುಗಡೆ ಪತ್ರದ ಮುಂದೆ ಕಥೆ ನಿಂತುಬಿಟ್ಟಿದೆ

ಕರಡುಪ್ರತಿ:
ಅಪ್ಪನ ವರ್ಷಾಂತಿಕಕ್ಕೆಂದು ತಂಗಿ ಸಾಗರದ ಬಳಿಯ ತವರಿಗೆ ಬರುತ್ತಾಳೆ. ಅಡಿಕೆ ತೋಟದಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಎಂದು ಅವಳು ಸಹಿ ಹಾಕಬೇಕಾದ ಹಕ್ಕು ಬಿಡುಗಡೆ ಪತ್ರವನ್ನು ಅಣ್ಣ ಮುಂದಿಡುತ್ತಾನೆ. ಅಲ್ಲಿಂದ ಮುಂದಕ್ಕೆ ಒಂದು ಸಾಲೂ ಹುಟ್ಟುತ್ತಿಲ್ಲ. ಅವಳು ಜಗಲಿಯಲ್ಲಿ ಕುಳಿತು ಯೋಚಿಸುತ್ತಾಳೆ, ಕಾಫಿ ಕುಡಿಯುತ್ತಾಳೆ, ಮತ್ತೆ ಯೋಚಿಸುತ್ತಾಳೆ. ಕೊನೆ ಗೊತ್ತಿದೆ: ಸಹಿ ಹಾಕದೆ ಹೊರಟುಹೋಗುತ್ತಾಳೆ. ಕರಡನ್ನು ಲಗತ್ತಿಸಿದ್ದೇನೆ.

ಬೆಳಗಿನಬರಹ:
ನಡುವೆ ‘ಇಲ್ಲಿ ಜಗಳ’ ಎಂದು ಗುರುತು ಹಾಕಿ, ಕೊನೆಯನ್ನು ಮೊದಲು ಬರೆದುಬಿಡಿ.

ಕರಡುಪ್ರತಿ:
ಬರೆದೆ ಮೇಡಂ. ಆದರೆ ಅವಳು ಯಾಕೆ ಹೊರಟಳೆಂದು ನನಗೇ ನಂಬಿಕೆ ಬರುತ್ತಿಲ್ಲ.

ಹಳೆಮಸಿ:
ಓದಿದೆ. ತೊಡಕು ಜಗಲಿಯಲ್ಲಿಲ್ಲ, ಅದಕ್ಕೂ ಹಿಂದೆ ಇದೆ. ಎರಡನೇ ಪುಟದಲ್ಲಿ ತಂಗಿ ಎಸ್‌ಟಿಡಿ ಬೂತಿನಿಂದ ಗಂಡನಿಗೆ ಫೋನ್ ಮಾಡುತ್ತಾಳೆ, ಐದನೆಯದರಲ್ಲಿ ಅಣ್ಣ ಮೊಬೈಲಿನಲ್ಲಿ ಪಹಣಿ ತೆರೆಯುತ್ತಾನೆ. ಇದು ಯಾವ ಇಸವಿ? ತಪ್ಪು ಹುಡುಕಲು ಕೇಳುತ್ತಿಲ್ಲ. ಇಸವಿ ತಿಳಿಯದೆ ಅವಳ ಕೈಯಲ್ಲಿ ಏನಿದೆ ಎಂಬುದು ತಿಳಿಯುವುದಿಲ್ಲ.

1998 ಎಂದಿಟ್ಟುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ನಿಮ್ಮ ತಂಗಿಯ ಮದುವೆ 1990ರಲ್ಲಿ. ಪಿತ್ರಾರ್ಜಿತ ತೋಟದಲ್ಲಿ ಅಣ್ಣನಿಗೆ ಸಮನಾದ ಪಾಲು ಇಲ್ಲ, ಅಪ್ಪನ ಭಾಗದಲ್ಲಿ ಬರುವ ತುಂಡು ಮಾತ್ರ. ಅಷ್ಟಕ್ಕಾಗಿ ತವರಿನ ಬಾಗಿಲು ಮುಚ್ಚಿಸಿಕೊಳ್ಳುತ್ತಾಳೆಯೇ? 2023 ಆದರೆ ಲೆಕ್ಕ ತಿರುಗುಮುರುಗು. 2005ರ ಕೇಂದ್ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅವಳು ಹುಟ್ಟಿನಿಂದಲೇ ಅಣ್ಣನಷ್ಟೇ ಹಕ್ಕುದಾರಳು. ಆಗ ಅಂಜಬೇಕಾದವನು ಅವನು. ಎರಡೂ ಒಳ್ಳೆಯ ಕಥೆಗಳೇ, ಆದರೆ ನೀವು ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೀರಿ.

ಇನ್ನೊಂದು, ಅಣ್ಣನಿಗೆ ಅವಸರವೇ ಇಲ್ಲ. ಮಳೆ ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕಲ್ಲವೇ? ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ, ಎಲ್ಲಕ್ಕೂ ದುಡ್ಡು ಬೇಕು. ತೋಟದ ಮೇಲೆ ಸಾಲ ಎತ್ತಲು ಇವಳ ಸಹಿ ಬೇಕು. ಅವನು ಡ್ರಮ್ಮಿನಲ್ಲಿ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಕಲಸುತ್ತಾ ಕೇಳಲಿ, ಅವಳು ಸುಣ್ಣದ ನೀರು ಸೋಸುತ್ತಾ ಉತ್ತರಿಸಲಿ. ಜಗಲಿಗೆ ಮಾತ್ರ ಕಳಿಸಬೇಡಿ.

ಬೆಳಗಿನಬರಹ:
ಕಲಸಿದ ಮೇಲೆ ಚೂರಿ ಅದ್ದಿ ನೋಡುವುದನ್ನೂ ಸೇರಿಸಿ. ಚೂರಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಅಣ್ಣನ ಕೈಗೆ ಕೆಲಸ ಸಿಗುತ್ತದೆ, ಅವಳಿಗೆ ಮಾತಾಡಲು ಸಮಯ ಸಿಗುತ್ತದೆ.

ಕರಡುಪ್ರತಿ:
2023 ಎಂದು ನಿರ್ಧರಿಸಿದೆ. ಡ್ರಮ್ಮಿನ ದೃಶ್ಯ ಒಂದೇ ಓಟಕ್ಕೆ ಬಂತು. ಈಗ ಹೊಸ ಪೇಚು: ಅಣ್ಣನ ಮೇಲೆ ಕನಿಕರ ಹುಟ್ಟಿ, ತಂಗಿ ಎದ್ದುಹೋಗುವುದು ಬರೀ ಹಟದಂತೆ ಕಾಣುತ್ತಿದೆ.

ಹಳೆಮಸಿ:
ಹಾಗಾದರೆ ಆ ಕೊನೆಯನ್ನು ಬೇರೆ ಕಡತಕ್ಕೆ ಸರಿಸಿ. ಬಿಡುಗಡೆ ಪತ್ರಕ್ಕೆ ಸಹಿ ಹಾಕದೆ, ಸಾಲದ ಅರ್ಜಿಗೆ ಜಂಟಿ ಸಾಲಗಾರಳಾಗಿ ಸಹಿ ಹಾಕುತ್ತೇನೆ ಎಂದು ಅವಳಿಂದ ಹೇಳಿಸಿ ನೋಡಿ. ಅಣ್ಣ ಏನೆನ್ನುತ್ತಾನೆ ಎಂಬುದನ್ನು ಬರೆದು ಇಲ್ಲಿಗೆ ಹಾಕಿ.